ಇಳಿದು ಬಂದವರು ಹೇಳಿದ್ದು

ಆಗಸ್ಟ್ 3

ಅಮ್ಮಾ,

ನೀನು ಈಗ ಯಾವ ದೇಶದಲ್ಲಿದ್ದೀಯೋ ಗೊತ್ತಿಲ್ಲ. ಅದಕ್ಕೆ ಎಂದಿನ ಹಾಗೆ ಇದನ್ನ ನಿನ್ನ ಟೂರ್ ಕಂಪನಿಯ ಆಫೀಸಿಗೆ ಹಾಕ್ತಿದ್ದೀನಿ, ಅವರು ನಿನ್ನ ಮುಂದಿನ ಹೋಟೆಲಿಗೆ ಕಳಿಸಲಿ. ಫೋನ್ ಮಾಡು ಅಂತೀಯ. ಇಲ್ಲಿ ಫೋನ್ ಇರೋದು ವಾರ್ಡನ್ ಮೇಜಿನ ಮೇಲೆ, ವಾರ್ಡನ್ ಇರೋದು ಮೇಜಿನ ಹಿಂದೆ, ನನ್ನ ಬೆನ್ನಿಗೆ ಉದ್ದದ ಕ್ಯೂ. ಅಲ್ಲಿ ನಿಂತರೆ "ಚೆನ್ನಾಗಿದ್ದೀನಿ ಅಮ್ಮ" ಅನ್ನೋದು ಬಿಟ್ಟು ಬಾಯಿಗೆ ಏನೂ ಬರಲ್ಲ.

ಚೆನ್ನಾಗಿಲ್ಲ. ತೀರಾ ಕೆಟ್ಟದಾಗೂ ಇಲ್ಲ. ಅಪ್ಪ ಹೋದಾಗಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು, ಕಾಲೇಜಿನ ಹಾಸ್ಟೆಲ್ ಯಾವ ದೊಡ್ಡ ವಿಷಯ ಅಂದುಕೊಂಡೇ ಬಂದೆ. ಆದರೆ ಇಲ್ಲಿ ಲೆಕ್ಚರರ್ ಮಾತಾಡೋ ಸ್ಪೀಡಿಗೆ ನಾನು ಅರ್ಧ ಬರ್ಕೊಳ್ತೀನಿ, ಸಂಜೆ ಓದಿದರೆ ಅದರಲ್ಲಿ ಅರ್ಧ ಅರ್ಥ ಆಗುತ್ತೆ. ಉತ್ತರ ಗೊತ್ತಿದ್ದರೂ ಕೈ ಎತ್ತಲ್ಲ. ಎತ್ತಿದರೆ ಯಾವ ಭಾಷೆಯಲ್ಲಿ ಹೇಳೋದು ಅನ್ನೋದೇ ಟೆನ್ಷನ್. ಮನೆಯ ಕನ್ನಡ ರಜೆಗಷ್ಟೇ, ಉಳಿದದ್ದೆಲ್ಲ ಹಾಸ್ಟೆಲ್ ಇಂಗ್ಲಿಷು. ಎರಡೂ ಅರ್ಧರ್ಧ ಬೆಂದಿವೆ.

ಒಂದೇ ಒಂದು ಒಳ್ಳೇದು. ನನ್ನ ರೂಮಿನಲ್ಲಿ ಇಬ್ಬರು: ಬಡಬಡಿ, ಹೆಸರೇ ಹೇಳುತ್ತೆ. ಮತ್ತೆ ಉದ್ದಕ್ಕ, ಸೀನಿಯರ್, ಮಂಚದಿಂದ ಕಾಲು ಹೊರಗೇ ಇರುತ್ತೆ. ನಿಮ್ಮಮ್ಮ ಏನ್ಮಾಡ್ತಾರೆ ಅಂದರು. ಟೂರ್ ಮ್ಯಾನೇಜರ್, ಗುಂಪು ಕರ್ಕೊಂಡು ಊರೂರು, ದೇಶದೇಶ ಸುತ್ತುತ್ತಾಳೆ ಅಂದೆ. ನೀನು ಬರೆದ ಜಾಗಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ನಿನ್ನ ಪತ್ರಗಳು ನನಗೆ ಬಾಯಿಪಾಠ ಅಮ್ಮ. ಈಗ ದಿನಾ ಸಂಜೆ ಬಡಬಡಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, "ಇವತ್ತು ಯಾವೂರಿಗೆ ಹೊರಟ್ವಿ?" ಅಂತ ಕೇಳ್ತಾಳೆ. ಪಕ್ಕದ ರೂಮಿನವರೂ ಬರ್ತಾರೆ. ಮೊದಲನೇ ಸಲ ನಾನು ಬಾಯಿ ಬಿಟ್ಟರೆ ಜನ ಸುಮ್ಮನಾಗ್ತಾರೆ.

ತಿಂಗಳ ಕೊನೆಗೆ ಕ್ಲಾಸಿನವರೆಲ್ಲ ಆ ಜಲಪಾತಕ್ಕೆ ಹೋಗ್ತಿದ್ದೀವಿ. ಗೊತ್ತಲ್ಲ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನೀನು ಬರೆದಿದ್ದು. ನನ್ನನ್ನೇ ಗೈಡ್ ಮಾಡಿದ್ದಾರೆ. ಇನ್ನೊಂದು ಸಲ ವಿವರವಾಗಿ ಬರಿ, ಪ್ಲೀಸ್. ಅಲ್ಲಿ ತಡವರಿಸಿದರೆ ಸತ್ತೇಹೋಗ್ತೀನಿ.

ಕೈ ನೋಯ್ತಿದೆ, ಇಷ್ಟೇ,
ನಿನ್ನ ಮರಿ

*

ಆಗಸ್ಟ್ 17

ಮರಿ,

ನನ್ನ ಮಗಳು ಗೈಡ್ ಆದಳಾ. ಸಂಬಳ ಮಾತಾಡಿಕೊಂಡ್ಯಾ, ಇಲ್ಲ ನಿನ್ನಮ್ಮನ ಹಾಗೆ ಬರೀ ಬೈಗುಳವಾ?

ನಾನು ಈಗ ಸಮುದ್ರದ ಮೇಲಿನ ಒಂದು ಊರಿನಲ್ಲಿದ್ದೀನಿ. ಬಂಡೆಯ ತುದಿಯಲ್ಲಿ ಬಿಳೀ ಬಿಳೀ ಮನೆಗಳು, ಯಾರೋ ಬಟ್ಟೆ ಒಗೆದು ಅಂಚಿಗೆ ಒಣಹಾಕಿದ ಹಾಗೆ. ಸಂಜೆ ಸೂರ್ಯ ಇಳಿಯುವಾಗ ಆ ಬಿಳಿ ಮೊದಲು ಕೆನೆಯ ಬಣ್ಣಕ್ಕೆ ತಿರುಗಿ, ಆಮೇಲೆ ಕಿತ್ತಳೆ ಸಿಪ್ಪೆಯ ಒಳಗಿನ ಬಣ್ಣ ಆಗುತ್ತೆ. ಇಲ್ಲಿಗೆ ಬಂದವರು ಮಾತಾಡೋದನ್ನೇ ಮರೀತಾರೆ. ನಮ್ಮ ಗುಂಪಿನ ಒಬ್ಬರನ್ನ ಬಿಟ್ಟು. ಅವರು ಎಲ್ಲಿ ಹೋದರೂ ತಮ್ಮ ಫೋಟೋ ತಾವೇ ತಗೊಳ್ತಾರೆ. ಅವರ ಫೋಟೋದಲ್ಲಿ ಸಮುದ್ರ ಬಲಗಿವಿಯ ಪಕ್ಕ ಚೂರು ಕಾಣುತ್ತೆ. ನನ್ನ ಅಸಿಸ್ಟೆಂಟ್ "ಸಾರ್, ಸಮುದ್ರಕ್ಕೂ ಸ್ವಲ್ಪ ಜಾಗ ಕೊಡಿ" ಅಂದ. ಈ ಅಸಿಸ್ಟೆಂಟ್ ಹೊಸಬ. ಚದುರಿದ ಜನರನ್ನ ಶಿಳ್ಳೆ ಹೊಡೆದೇ ಸೇರಿಸೋದು, ಅದಕ್ಕೆ ಎಲ್ಲರೂ ಶಿಳ್ಳೆ ಅಂತಲೇ ಕರೀತಾರೆ.

ಜಲಪಾತದ ವಿಷಯ. ಮೆಟ್ಟಿಲು ಮುಗಿದ ಕಡೆ ಕಲ್ಲಿನ ಕಟ್ಟೆ ಇದೆ. ಅಲ್ಲಿ ನಿಂತರೆ ನೀರು ಎರಡಾಗಿ ಸೀಳಿ ಬೀಳೋದು ಕಾಣುತ್ತೆ, ನಡುವೆ ಬಂಡೆಯ ಮೇಲೆ ಒಂಟಿ ಮರ. ನೀರಿನ ಹನಿ ತಾಗಿ ತಾಗಿ ಅದರ ಎಲೆ ಯಾವಾಗಲೂ ನಡುಗ್ತಾ ಇರುತ್ತೆ. ಕೆಳಗೆ ಹೊಳೆ ಜಡೆ ಬಿಚ್ಚಿದ ಹಾಗೆ ಹರಡಿಕೊಂಡು ಹೋಗುತ್ತೆ.

ಒಂದು ಮಾತು. ಮೆಟ್ಟಿಲು ಜಾರುತ್ತೆ, ಮೇಲೆ ಹತ್ತಲೇಬೇಕು ಅಂತೇನಿಲ್ಲ. ಕೆಳಗಿನ ಟೀ ಅಂಗಡಿಯ ಹತ್ತಿರ ಕೂತರೂ ಸದ್ದು ಚೆನ್ನಾಗಿ ಕೇಳಿಸುತ್ತೆ. ಲೆಕ್ಚರರ್ ಸ್ಪೀಡಿಗೆ ಹೆದರಬೇಡ. ನನ್ನ ಗುಂಪಿನವರಿಗೂ ನಾನು ಹೇಳಿದ್ದರಲ್ಲಿ ಅರ್ಧವೇ ಅರ್ಥವಾಗೋದು, ಪಾಪ, ದುಡ್ಡು ಕೊಟ್ಟು ಬಂದವರು.

ಬಸ್ಸಿನ ಹಾರ್ನು ಆಗ್ತಿದೆ,
ಅಮ್ಮ

*

ಸೆಪ್ಟೆಂಬರ್ 4

ಅಮ್ಮಾ,

ಹೋಗಿ ಬಂದೆ.

ಬಸ್ಸಿನಲ್ಲಿ ಮೈಕ್ ನನ್ನ ಕೈಗೆ ಕೊಟ್ಟರು. ಹೇಳಿದೆ: ಎರಡಾಗಿ ಸೀಳೋ ನೀರು, ಒಂಟಿ ಮರ, ಜಡೆ ಬಿಚ್ಚಿದ ಹೊಳೆ. ಚಪ್ಪಾಳೆ ಹೊಡೆದರು. ಮೇಲೆ ಹತ್ತಿದೆವು. ಕಟ್ಟೆ ಇಲ್ಲ, ಕಬ್ಬಿಣದ ಕಂಬಿ ಇದೆ. ನೀರು ಒಂದೇ ಧಾರೆ. ಮರ ಇಲ್ಲ. ಹೊಳೆ ಕಾಣೋದೇ ಇಲ್ಲ, ಎದುರಿಗೆ ಗುಡ್ಡ ಅಡ್ಡ ಬರುತ್ತೆ. ಹಿಂದಿನಿಂದ ಯಾರೋ "ಗೈಡ್ ಮೇಡಂ, ಮರ ಎಲ್ಲಿಗೆ ಹೋಯ್ತು?" ಅಂದರು. ಇನ್ನೊಬ್ಬ, "ಟೂರ್ ಹೋಗಿರಬೇಕು, ಅವರಮ್ಮನ ಜೊತೆ" ಅಂದ. ಎಲ್ಲರೂ ನಕ್ಕರು. ಕಾವಲುಗಾರನನ್ನ ಕೇಳಿದೆ. ಇಲ್ಲಿ ಮರ ಯಾವತ್ತೂ ಇರಲಿಲ್ಲಮ್ಮ ಅಂದ.

ಬಡಬಡಿ ನನ್ನ ಕೈ ಹಿಡಿದು, "ಬಿಡೇ, ನಿಮ್ಮಮ್ಮ ಬೇರೆ ಫಾಲ್ಸ್ ನೋಡಿರಬೇಕು" ಅಂದಳು. ಆ ಕರುಣೆ ಇದೆಯಲ್ಲ, ನಗುವಿಗಿಂತ ಅದೇ ಕೆಟ್ಟದು.

ಕೆಳಗೆ ಬಂದು ಟೀ ಕುಡಿಯುವಾಗ ಅಂಗಡಿಯ ಹೆಂಗಸು ನನ್ನ ಮುಖವನ್ನೇ ನೋಡ್ತಿದ್ದಳು. "ಕೆಂಪು ಬಾವುಟ ಹಿಡ್ಕೊಂಡು ಬರ್ತಾರಲ್ಲ, ಆ ಅಕ್ಕನ ಮಗಳಾ ನೀನು? ಅದೇ ಮೂಗು." ಹೌದು ಅಂದೆ. "ಅವರು ಕೂರೋದು ಇದೇ ಬೆಂಚು" ಅಂದಳು.

"ಮೇಲಿಂದ ಬಂದಮೇಲಾ?"

"ಮೇಲೆಲ್ಲಿ ಹೋಗ್ತಾರಮ್ಮ ಅವರು? ಇಷ್ಟು ವರ್ಷದಲ್ಲಿ ಒಂದು ದಿನ ಹತ್ತಿದ್ದು ನಾನು ಕಂಡಿಲ್ಲ."

ಇದು ನಿಜವಾ? ಇದೊಂದೇನಾ, ಎಲ್ಲಾ ಹೀಗೇನಾ? ಸುತ್ತಿಬಳಸಿ ಬರೀಬೇಡ.

ಮರಿ

*

ಸೆಪ್ಟೆಂಬರ್ 19

ಮರಿ,

ನಿನ್ನ ಪತ್ರ ಹೋಟೆಲಿನ ಕೌಂಟರಿನಲ್ಲೇ ಒಡೆದು ಓದಿ, ಅಲ್ಲೇ ಯಾರದೋ ಸೂಟ್‌ಕೇಸಿನ ಮೇಲೆ ಕೂತುಬಿಟ್ಟೆ. ಶಿಳ್ಳೆ ಬಂದು "ಮೇಡಂ, ಜ್ವರಾನಾ?" ಅಂದ.

ಆ ಟೀ ಅಂಗಡಿಯವಳು ಹೇಳಿದ್ದು ನಿಜ. ಎಲ್ಲಾ ಕಡೆಯೂ ಹಾಗೇ.

ಪ್ರತಿ ಗುಂಪಿನಲ್ಲೂ ಹತ್ತಲಾರದವರು ಇರ್ತಾರೆ ಕಣೇ. ಮಂಡಿ, ಉಸಿರು, ತಲೆಸುತ್ತು. ಕಂಪನಿಯ ನಿಯಮ ಏನು ಅಂದರೆ, ನಾವಿಬ್ಬರು ಸಿಬ್ಬಂದಿಯಲ್ಲಿ ಒಬ್ಬರು ಗುಂಪಿನ ಜೊತೆ ಮೇಲೆ ಹೋಗಬೇಕು, ಒಬ್ಬರು ಕೆಳಗೆ ಉಳಿದವರ ಜೊತೆ ಇರಬೇಕು. ಅವರನ್ನ ಒಂಟಿ ಬಿಡೋ ಹಾಗಿಲ್ಲ. ಅಸಿಸ್ಟೆಂಟ್‌ಗಳು ಚಿಕ್ಕ ವಯಸ್ಸಿನವರು, ಕೆಳಗೆ ಕೂರೋದು ಅವರಿಗೆ ಶಿಕ್ಷೆ. ನಾನೇ ಕೂರ್ತೀನಿ. ಅಷ್ಟು ದೂರ ಬಂದು, ಕೊನೆಯ ಮೆಟ್ಟಿಲುಗಳ ಮುಂದೆ ಸೋತು ಕೂರುವವರ ಮುಖ ನೀನು ನೋಡಿಲ್ಲ. "ನಾನು ಬೇಕಾದಷ್ಟು ಸಲ ಹತ್ತಿದ್ದೀನಿ, ಮೇಲೆ ಬರೀ ಗಾಳಿ, ಬನ್ನಿ ಟೀ ಕುಡಿಯೋಣ" ಅಂತೀನಿ. ಮುಖ ಸ್ವಲ್ಪ ಸಡಿಲ ಆಗುತ್ತೆ.

ಆಮೇಲೆ ಇಳಿದು ಬಂದವರನ್ನ ಒಬ್ಬೊಬ್ಬರನ್ನೇ ಹಿಡಿದು, ಏನು ಕಂಡಿರಿ ಅಂತ ಕೇಳ್ತೀನಿ. ಒಬ್ಬರು ನೀರಿನ ಬಣ್ಣ ಹೇಳ್ತಾರೆ, ಒಬ್ಬರು ಹಕ್ಕಿ, ಇನ್ನೊಬ್ಬರು ಬರೀ ತಮ್ಮ ಸೊಂಟನೋವು. ಎಲ್ಲಾ ಜೋಡಿಸಿಕೊಂಡು, ಬಸ್ಸಿನಲ್ಲಿ ಕೆಳಗೆ ಕೂತವರ ಪಕ್ಕ ಕೂತು ಹೇಳ್ತೀನಿ. ಮನೆಗೆ ಹೋದಮೇಲೆ ಮೊಮ್ಮಕ್ಕಳು ಕೇಳ್ತಾರಲ್ಲ, ಅವರೂ ಏನಾದರೂ ಹೇಳಬೇಕಲ್ಲ.

ಅದನ್ನೇ ನಿನಗೂ ಬರೆದೆ. ಆ ಮರ ಯಾರು ಹೇಳಿದ್ದೋ ನೆನಪಿಲ್ಲ. ಬೇರೆ ಯಾವುದೋ ಜಲಪಾತದ್ದು ಇಲ್ಲಿ ಬಂದು ನಿಂತಿರಬೇಕು. ನೀನೂ ಹಾಸ್ಟೆಲಿನಲ್ಲಿ ಕೂತಿರ್ತಿದ್ದೆ. ನಿನಗೂ ಏನಾದರೂ ಬೇಕಿತ್ತಲ್ಲ.

ನಿನ್ನ ಗೆಳತಿಯರ ಮುಂದೆ ನಿನಗೆ ಹೀಗಾಯ್ತಲ್ಲ ಅಂತ ಹೊಟ್ಟೆ ಉರೀತಿದೆ.

ಅಮ್ಮ

*

ಸೆಪ್ಟೆಂಬರ್ 28

ಅಮ್ಮಾ,

ಅಂದರೆ ನಾನೂ ನಿನ್ನ ಪ್ಯಾಸೆಂಜರ್. ಹತ್ತಲಾರದವರ ಲೆಕ್ಕದಲ್ಲಿ ನನ್ನನ್ನೂ ಸೇರಿಸಿದೆ. ನನ್ನ ಮಂಡಿಗೇನಾಗಿತ್ತು? ಯಾವತ್ತಾದರೂ ಕರ್ಕೊಂಡು ಹೋಗಿ, ಹತ್ತುತ್ತೀಯಾ ಅಂತ ಕೇಳಿದ್ಯಾ?

ಪೇರೆಂಟ್ಸ್ ಡೇಗೆ ಎಲ್ಲರ ಅಮ್ಮಂದಿರೂ ಬರ್ತಿದ್ದರು. ನಾನು ನಿನ್ನ ಪತ್ರ ಹಿಡ್ಕೊಂಡು ನೀರಿನ ಟ್ಯಾಂಕಿನ ಹಿಂದೆ ಹೋಗಿ ಕೂರ್ತಿದ್ದೆ. ಒಂದೇ ಸಮಾಧಾನ ಇತ್ತು: ಅಮ್ಮ ಇಲ್ಲಿಲ್ಲ, ಆದರೆ ಎಲ್ಲೋ ಒಂದು ಚಂದದ ಜಾಗದಲ್ಲಿ ನಿಂತು ನೋಡ್ತಿದ್ದಾಳೆ. ಈಗ ಗೊತ್ತಾಯ್ತು. ಯಾರ್ಯಾರದೋ ಅಜ್ಜಿಯರ ಪಕ್ಕ ಟೀ ಕುಡೀತಾ ಕೂರೋಕೆ ನನ್ನನ್ನ ಹಾಸ್ಟೆಲಿನಲ್ಲಿ ಬಿಟ್ಟೆ.

ರೂಮಿನಲ್ಲಿ ಈಗ ಯಾರೂ ಊರು ಕೇಳಲ್ಲ.

ಒಂದು ಸಲ ನೀನೇ ಮೇಲೆ ಹತ್ತು. ನಿನ್ನ ಕಣ್ಣಿಂದ ನೋಡಿದ್ದನ್ನ ಬರಿ. ಅಲ್ಲಿವರೆಗೆ ನನಗೆ ಬರೀಬೇಡ.

*

ಅಕ್ಟೋಬರ್ 6

ಅಮ್ಮಾ,

ಹಿಂದಿನ ಪತ್ರ ಸಿಕ್ಕಿದ್ದರೆ ಹರಿದು ಬಿಸಾಕು. ಸಿಗದಿದ್ದರೆ ಇನ್ನೂ ಒಳ್ಳೇದು. ಹೆಸರು ಕೂಡ ಹಾಕಿರಲಿಲ್ಲ ಅಲ್ವಾ? ಡಬ್ಬಕ್ಕೆ ಹಾಕಿ ಬಂದಮೇಲೆ ಊಟ ಸೇರಲಿಲ್ಲ. ಪೋಸ್ಟ್‌ಮ್ಯಾನ್ ಡಬ್ಬ ತೆಗೆಯೋ ಹೊತ್ತಿಗೆ ಹೋಗಿ ವಾಪಸ್ ಕೇಳಿದೆ. "ಒಳಗೆ ಬಿದ್ದದ್ದು ನಿಮ್ಮದಲ್ಲ, ವಿಳಾಸದವರದು" ಅಂದ.

ಉದ್ದಕ್ಕನಿಗೆ ಎಲ್ಲಾ ಹೇಳಿದೆ. ಅವಳು, "ನಮ್ಮಜ್ಜಿ ಒಂದು ಟೂರ್ ಹೋಗಿದ್ದರು ಕಣೇ. ಮೆಟ್ಟಿಲು ಹತ್ತಲಾಗದೆ ಬಸ್ಸಿನಲ್ಲೇ ಕೂತಿದ್ದರಂತೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಮನೆಗೆ ಬಂದಮೇಲೆ ಅಜ್ಜಿ ಅದರ ಬಗ್ಗೆ ಮಾತೇ ಆಡಲಿಲ್ಲ" ಅಂದಳು.

ಹತ್ತೋದು ಗಿತ್ತೋದು ಏನೂ ಬೇಡ. ಸುಮ್ಮನೆ ಬರಿ. ಮರ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ನಿನ್ನ ಮರಿ

*

ಅಕ್ಟೋಬರ್ 13

ಮರಿ,

ನಿನ್ನ ಸೆಪ್ಟೆಂಬರ್ ಕೊನೆಯ ಪತ್ರ ನಮಗಿಂತ ಮೊದಲೇ ಈ ಹೋಟೆಲಿಗೆ ಬಂದು ಕಾಯ್ತಿತ್ತು. ಮಾರನೇ ದಿನವೇ ಇಲ್ಲಿನ ಸರೋವರಗಳನ್ನ ನೋಡೋ ಬೆಟ್ಟ. ಹತ್ತಿದೆ.

ಬೆಟ್ಟದ ಮೇಲೆ ತುಂಬಾ ಗಾಳಿ. ಕೆಳಗೆ ಮೂರು ಸರೋವರ. ಎರಡು ಹಸಿರು, ಒಂದು ನೀಲಿ. ಹಿಂದೆ ಹಿಮದ ಬೆಟ್ಟ. ಹಿಮ ಅಂಚಿನಲ್ಲಿ ಬಿಳಿ ಇಲ್ಲ, ಸ್ವಲ್ಪ ಮಣ್ಣಿನ ಬಣ್ಣ. ನೀಲಿ ಸರೋವರದ ಮೇಲೆ ಮೋಡದ ನೆರಳು ನಿಧಾನಕ್ಕೆ ದಾಟಿಹೋಯ್ತು, ಅದು ಪೂರ್ತಿ ದಾಟೋವರೆಗೂ ನಿಂತಿದ್ದೆ. ನಮ್ಮ ಬಸ್ಸು ಬೆಂಕಿಪೊಟ್ಟಣದ ಹಾಗೆ ಕಾಣ್ತಿತ್ತು. ಅದರ ಪಕ್ಕದ ಬೆಂಚು ಕಾಣಲಿಲ್ಲ.

ನನ್ನ ಕಣ್ಣಿಂದ ನೋಡಿದ್ದು ಇಷ್ಟೇ. ಜೋಡಿಸಿದ್ದು ಏನೂ ಇಲ್ಲ.

ಈ ಊರಿನಲ್ಲಿ ನಾನು ಇನ್ನೂ ಕೆಲವು ದಿನ ಉಳೀತೀನಿ. ಗುಂಪನ್ನ ಶಿಳ್ಳೆ ಕರ್ಕೊಂಡು ಮುಂದೆ ಹೋದ. ನಾನಿರೋ ಕೋಣೆಯಲ್ಲಿ ದೊಡ್ಡ ಕಿಟಕಿ, ಹಸಿರು ಪರದೆ. ಬೆಳಿಗ್ಗೆ ಇಲ್ಲಿನವರೇ ಬಂದು ಪರದೆ ಸರಿಸಿ ಬಿಸಿನೀರು ಇಟ್ಟು ಹೋಗ್ತಾರೆ. ಬರೆಯೋದಾದರೆ ಈ ಲಕೋಟೆಯ ಮೇಲಿರೋ ವಿಳಾಸಕ್ಕೆ ಬರಿ.

ಅಮ್ಮ

*

ಅಕ್ಟೋಬರ್ 27

ಅಮ್ಮಾ,

ನಿನ್ನ ಪತ್ರ ಎಷ್ಟು ಸಲ ಓದಿದೆನೋ. ಮೊದಲನೇ ಸಲ ನೀನು ನನ್ನ ಜೊತೆ ನಿಜ ಮಾತಾಡಿದ ಹಾಗೆ ಅನ್ನಿಸ್ತು. ಹಿಮದ ಅಂಚು ಮಣ್ಣಿನ ಬಣ್ಣ ಅನ್ನೋದನ್ನ ಯಾರೂ ಕಟ್ಟಿ ಹೇಳೋಕಾಗಲ್ಲ. ರೂಮಿನಲ್ಲಿ ಜೋರಾಗಿ ಓದಿದೆ. ಬಡಬಡಿ ಪೂರ್ತಿ ಒಂದು ನಿಮಿಷ ಸುಮ್ಮನಿದ್ದಳು, ರೆಕಾರ್ಡು. "ನಿಮ್ಮಮ್ಮ ಹತ್ತಿಬಿಟ್ಟರಲ್ಲೇ" ಅಂದಳು.

ಖುಷಿಯಾದದ್ದು ಇನ್ನೊಂದಕ್ಕೆ. ಗುಂಪನ್ನ ಕಳಿಸಿ ನೀನೊಬ್ಬಳೇ ಉಳಿದಿದ್ದೀಯಲ್ಲ, ಬೇರೆಯವರು ಬಂದು ಪರದೆ ಸರಿಸಿ ಬಿಸಿನೀರು ಕೊಡೋ ಕೋಣೆಯಲ್ಲಿ. ಇಷ್ಟು ವರ್ಷ ಬೇರೆಯವರ ರಜೆ ಕಾದೆ, ಈಗ ನಿನ್ನದು. ಚೆನ್ನಾಗಿ ನಿದ್ದೆ ಮಾಡು. ಇನ್ನು ಮುಂದೆ ಎಲ್ಲಾ ಕಡೆ ಹತ್ತು ಅಮ್ಮ. ಕೆಳಗಿನವರನ್ನ ಶಿಳ್ಳೆ ನೋಡ್ಕೊಳ್ಳಲಿ, ಅವನಿಗೂ ಅಭ್ಯಾಸ ಆಗಬೇಕಲ್ಲ.

ಹತ್ತೋದು ಬೇಡ ಅಂತ ಬರೆದ ನನ್ನ ಇನ್ನೊಂದು ಪತ್ರ ಸಿಕ್ತಾ? ಸಿಗದಿದ್ದರೂ ಪರವಾಗಿಲ್ಲ. ಈಗನ್ನಿಸುತ್ತೆ, ಮೊದಲು ಬರೆದದ್ದೇ ಒಳ್ಳೇದಾಯ್ತೇನೋ.

ನಿನ್ನ ಮರಿ

*

ನವೆಂಬರ್ 15

ಮರಿ,

ನಿನ್ನ ಎರಡೂ ಪತ್ರ ಒಟ್ಟಿಗೆ ಬಂದವು. ಅಕ್ಟೋಬರ್ ಆರರದ್ದು ಮೂರು ಹೋಟೆಲು ಸುತ್ತಿ ಬಂದಿದೆ, ಮೈತುಂಬ ಮುದ್ರೆ. ನಿನಗೆ ಹೇಳಬಾರದು ಅಂತಿದ್ದೆ. ಆದರೆ ನೀನು ಇಷ್ಟು ಖುಷಿಯಾಗಿರೋದನ್ನ ನೋಡಿ ಸುಮ್ಮನಿರೋದು ಇನ್ನೊಂದು ಮೋಸ ಆಗುತ್ತೆ.

ನಾನಿದ್ದದ್ದು ಆಸ್ಪತ್ರೆಯಲ್ಲಿ. ಲಕೋಟೆಯ ಮೇಲೆ ಆ ಊರಿನ ಭಾಷೆಯಲ್ಲಿದ್ದದ್ದು ಅದರದೇ ವಿಳಾಸ. ನನಗೇನೂ ಆಗಿಲ್ಲ.

ಆ ಗುಂಪಿನಲ್ಲಿ ಹತ್ತಲಾರದವರು ಒಬ್ಬರೇ. ಜೀವಮಾನವೆಲ್ಲ ಟೋಪಿ ಹೊಲಿದು ಮಾರಿದ ಅಜ್ಜಿ, ಟೋಪಿ ಅಜ್ಜಿ ಅಂತಲೇ ಕರೀತಿದ್ದೆವು. "ಊರಿಗೆಲ್ಲಾ ಟೋಪಿ ಹಾಕಿದ್ದೀನಿ, ಆದರೆ ಅಳತೆ ತಗೊಂಡೇ ಹಾಕಿದ್ದು" ಅನ್ನೋರು. ಶಿಳ್ಳೆ ಗುಂಪಿನ ಜೊತೆ ಆಗಲೇ ಹತ್ತಿದ್ದ. ಅಜ್ಜಿಯನ್ನ ಬಸ್ಸಿನ ಪಕ್ಕದ ಬೆಂಚಿನಲ್ಲಿ ಕೂರಿಸಿ, ಟೀ ಫ್ಲಾಸ್ಕ್ ಕೈಗೆ ಕೊಟ್ಟು, ಬೇಗ ಬಂದುಬಿಡ್ತೀನಿ ಅಂದೆ. "ಹೋಗಿ ಬಾ ತಾಯಿ, ನಾನೇನು ಓಡಿಹೋಗ್ತೀನಾ" ಅಂದರು. ನನ್ನ ಸ್ವೆಟರ್ ಬೆಂಚಿನ ಮೇಲೇ ಮರೆತೆ. ಗಾಳಿ ಎದ್ದಾಗ, ಮೇಲೆ ಚಳಿಗೆ ಸಾಯ್ತಾಳೆ ಇವಳು ಅಂತ ಅದನ್ನ ತಗೊಂಡು ಹತ್ತೋಕೆ ಬಂದಿದ್ದಾರೆ. ಮೊದಲನೇ ತಿರುವೂ ದಾಟಿಲ್ಲ, ಬಿದ್ದರು. ಸೊಂಟದ ಮೂಳೆ. ನಾನು ಮೋಡದ ನೆರಳು ದಾಟಲಿ ಅಂತ ಕಾಯ್ತಿದ್ದೆನಲ್ಲ, ಅದೇ ಹೊತ್ತು.

ಮಗ ಬರೋವರೆಗೂ ಜೊತೆಗಿದ್ದೆ. ನೋವಿನಲ್ಲೂ ನನ್ನನ್ನ ಕೇಳೋರು: "ಮೇಲೆ ಏನಿತ್ತು, ಹೇಳು." ನನಗೆ ಹೇಳೋಕೇ ಬರಲಿಲ್ಲ ಮರಿ. ಎರಡು ಹಸಿರು, ಒಂದು ನೀಲಿ ಅಂದೆ. "ಅಷ್ಟೇನಾ?" ಅಂದರು.

ಈಗ ಅವರು ಊರಿಗೆ ಬಂದಿದ್ದಾರೆ, ಮಲಗಿದ್ದಾರೆ. ಕಂಪನಿಯವರು ನನ್ನನ್ನ ಟೂರಿನಿಂದ ತೆಗೆದು ಆಫೀಸಿನಲ್ಲಿ ಕೂರಿಸಿದ್ದಾರೆ, ಫೋನ್ ಬುಕಿಂಗಿಗೆ. ಬೇರೆ ಕಂಪನಿಯವರಾಗಿದ್ದರೆ ಮನೆಗೇ ಕಳಿಸ್ತಿದ್ದರು. ಅವರದು ಸರಿ.

ನೀನು ಹೇಳಿದೆ ಅಂತ ಹತ್ತಿದ್ದಲ್ಲ. ನನಗೇ ಆಸೆಯಾಗಿತ್ತು. ಇದನ್ನ ನಂಬು.

ಡಿಸೆಂಬರ್ ರಜೆಗೆ ಬಾ. ನಾನು ಮನೆಯಲ್ಲೇ ಇರ್ತೀನಿ.

ಅಮ್ಮ

*

ಜನವರಿ 11

ಅಮ್ಮಾ,

ರಜೆ ಮುಗಿಸಿ ಬಂದು ವಾರವಾಯ್ತು. ಬಾಯಲ್ಲಿ ಹೇಳೋಕಾಗದ್ದನ್ನ ಬರೀತಿದ್ದೀನಿ. ನಮ್ಮಿಬ್ಬರಿಗೂ ಇದೇ ತಾನೇ ಅಭ್ಯಾಸ.

ದಿನಾ ಸಂಜೆ ಬೀಗ ತೆಗೆಯೋ ಸದ್ದು, ನೀನು ಚಪ್ಪಲಿ ಬಿಡೋ ಸದ್ದು. ಚಿಕ್ಕಂದಿನಿಂದ ನಾನು ಬೇಡಿಕೊಂಡಿದ್ದು ಅದೊಂದೇ. ಅದು ಹೀಗೆ ಸಿಗಬಾರದಿತ್ತು. ನೀನು ಇನ್ನೂ ಬಟ್ಟೆಗಳನ್ನ ಸೂಟ್‌ಕೇಸಿಗೆ ಇಡೋ ಹಾಗೆ ಸುರುಳಿ ಸುತ್ತಿ ಬೀರುವಿಗೆ ಇಡ್ತೀಯ. ನಾನು ನೋಡ್ತಿರೋದು ಕಂಡು, ನೀನು ಒಂದನ್ನ ಬಿಚ್ಚಿ ಮಡಚಿ ಇಟ್ಟೆ.

ಅಜ್ಜಿಯನ್ನ ನೋಡೋಕೆ ಒಟ್ಟಿಗೆ ಹೋದೆವಲ್ಲ. ನೀನು ಟೀ ತರೋಕೆ ಒಳಗೆ ಹೋದಾಗ ಅವರು ನನ್ನ ತಲೆ ಸುತ್ತ ಗೇಣು ಹಾಕಿ ನೋಡಿ, "ನಿನ್ನದು ಸಣ್ಣ ತಲೆ, ದೊಡ್ಡ ಯೋಚನೆ ಮಾಡಬೇಡ" ಅಂದರು. ಅವರಿಗೆ ನನ್ನ ಪತ್ರದ ವಿಷಯ ಗೊತ್ತಿಲ್ಲ. ಹೇಳೋಣ ಅಂತ ಬಾಯಿ ತೆಗೆದೆ, ಆಗಲಿಲ್ಲ.

ಆದರೆ ನಾನು ಬರೀಬೇಕಾದದ್ದು ಆ ಶುಕ್ರವಾರದ್ದು. ನಿನ್ನ ಆಫೀಸಿನ ಸೋಫಾದಲ್ಲಿ ಕೂತು ಬ್ರೋಷರ್ ತಿರುವುತ್ತಿದ್ದೆ. ಫೋನ್ ಬಂತು. ಯಾರೋ ಆ ಸರೋವರಗಳ ಟೂರಿನ ಬಗ್ಗೆ ಕೇಳ್ತಿದ್ದರು, ಚೆನ್ನಾಗಿದೆಯಾ, ಅಷ್ಟು ದೂರ ಹೋಗಬಹುದಾ ಅಂತ. ನೀನು ಪೆನ್ನಿನ ಮುಚ್ಚಳ ತೆಗೆದೆ. ಆಮೇಲೆ, "ನಾನು ನೋಡಿಲ್ಲ ಸಾರ್. ಹೋಗಿಬಂದವರು ಚೆನ್ನಾಗಿದೆ ಅಂತಾರೆ" ಅಂದೆ.

ಅದೊಂದೇ ಒಂದು ನೀನು ನೋಡಿದ್ದು, ಅಮ್ಮ.

ಪಕ್ಕದ ಮೇಜಿನವರು, "ಏನ್ ಮೇಡಂ, ಮೊದಲೆಲ್ಲ ನೀವು ಒಂದು ಸಲ ಬಾಯಿ ಬಿಟ್ಟರೆ ಜನ ಅಲ್ಲೇ ಬ್ಯಾಗ್ ತುಂಬೋಕೆ ಶುರು ಮಾಡ್ತಿದ್ದರು" ಅಂದರು. ನೀನು ನಕ್ಕು ಪೆನ್ನಿನ ಮುಚ್ಚಳ ಹಾಕಿದೆ.

ನಿನ್ನನ್ನ ನಾನು ಸುಳ್ಳುಗಾತಿ ಮಾಡಿದೆ. ನೀನು ಅದನ್ನ ನಂಬಿಬಿಟ್ಟೆ.

ನನಗೆ ಬರಿ. ನೀನು ನೋಡಿದ್ದು ಬೇಡ. ಯಾರೋ ಇಳಿದು ಬಂದು ಹೇಳಿದ್ದು, ಜೋಡಿಸಿದ್ದು, ಎಲ್ಲಿಂದಲೋ ಬಂದು ನಿಂತ ಮರ, ಏನಾದರೂ. ಬಡಬಡಿ ಕೂಡ ಕೇಳ್ತಿದ್ದಾಳೆ, ನಾನು ಹೇಳಿಕೊಟ್ಟಿದ್ದಲ್ಲ.

ಕಾಯ್ತಾ,
ನಿನ್ನ ಮರಿ

*

ಜನವರಿ 22

ಮರಿ,

ಪತ್ರ ಸಿಕ್ಕಿತು. ಅಜ್ಜಿ ಈಗ ಕೋಲು ಹಿಡಿದು ಬಾಗಿಲವರೆಗೂ ಬರ್ತಾರಂತೆ, ಮಗ ಫೋನ್ ಮಾಡಿದ್ದರು. ಪರೀಕ್ಷೆಗೆ ಓದ್ಕೋ. ಕ್ಲಾಸಿನಲ್ಲಿ ಕೈ ಎತ್ತು, ಯಾವ ಭಾಷೆ ಬಂದರೆ ಅದರಲ್ಲಿ ಹೇಳು.

ನೀನು ಕೇಳಿದ್ದು ಬರೆಯೋಕೆ ಮತ್ತೆ ಮತ್ತೆ ಕೂತೆ. ಆ ಸಮುದ್ರದ ಊರು ಬರೆಯೋಣ ಅಂತ ಶುರು ಮಾಡ್ತೀನಿ. ಇದನ್ನ ಹೇಳಿದ್ದು ಯಾರು, ಅವರು ಸರಿಯಾಗಿ ನೋಡಿದ್ದರಾ, ಅಂತ ಕೇಳಿಕೊಳ್ಳೋ ಅಷ್ಟರಲ್ಲಿ ಊರು ಹೊರಟುಹೋಗಿರುತ್ತೆ. ನಿನ್ನ ಮೇಲೆ ಕೋಪ ಇಲ್ಲ ಕಣೇ. ಇದ್ದರೆ ಬೈದು ಬರೀತಿದ್ದೆ, ನಿನಗೆ ಗೊತ್ತು.

ಹೊಸದು ಇಷ್ಟೇ. ನನ್ನ ಮೇಜನ್ನ ಕಿಟಕಿ ಇರೋ ಕೋಣೆಗೆ ಹಾಕಿದ್ದಾರೆ. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ. ಬೂದು ಬಣ್ಣ. ಮೇಲಿಂದ ಕೆಳಗೆ ಒಂದು ನೀರಿನ ಪೈಪು, ಅದರ ಎಡಕ್ಕೆ ಒದ್ದೆಯ ಕಲೆ. ಬರೆಯೋಕೆ ಮುಂಚೆ ಎದ್ದು ಹೋಗಿ ನಾನೇ ನೋಡಿ ಬಂದೆ.

ಅಮ್ಮ